ಬೆಳೆದ ಮಾಲನ್ನು ಯಾರ ಕೈಗೆ ಒಪ್ಪಿಸಬೇಕು?

(ಹಣ್ಣು ಮತ್ತು ತರಕಾರಿ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬಿತ್ತನೆಯಿಂದ ಕೊಯ್ಲಿನವರೆಗೆ ರೈತನು ಪ್ರತಿಯೊಂದು ಕೆಲಸವನ್ನೂ ತನ್ನ ಕಣ್ಣೆದುರಿಗೇ ಮಾಡಿಸುತ್ತಾನೆ. ಬೀಜ ಯಾವುದು, ಗೊಬ್ಬರ ಎಷ್ಟು, ಔಷಧಿ ಯಾವಾಗ ಎಂಬುದನ್ನು ಹತ್ತು ಜನರನ್ನು ಕೇಳಿ ತೀರ್ಮಾನಿಸುತ್ತಾನೆ. ಆದರೆ ಮಾಲು ಹೊಲದ ಬದು ದಾಟಿ ಲಾರಿ ಏರಿದ ಕೂಡಲೇ ಅದು ಪರರ ಕೈ ಸೇರುತ್ತದೆ. ಆ ಕೈ ಯಾರದು, ಅದರ ಹೊಣೆ ಎಷ್ಟು ಎಂಬುದನ್ನು ಮಾತ್ರ ಅನೇಕರು ವಿಚಾರಿಸುವುದಿಲ್ಲ. ಯಾರ ಬಾಡಿಗೆ ಕಡಿಮೆ ಎಂಬ ಒಂದೇ ಪ್ರಶ್ನೆಯಲ್ಲಿ ಎಲ್ಲ ವಿಚಾರವೂ ಮುಗಿದುಹೋಗುತ್ತದೆ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಕೋಲಾರದ ಕಡೆಯ ಒಂದು ಹಳ್ಳಿಯ ಹನ್ನೆರಡು ಮಂದಿ ಬೆಳೆಗಾರರು ಸೇರಿ 15 ಕಿಲೋಗ್ರಾಂ ಹಿಡಿಯುವ 600 ಕ್ರೇಟು ಟೊಮ್ಯಾಟೊವನ್ನು, ಅಂದರೆ 9 ಟನ್ ಮಾಲನ್ನು, ದೆಹಲಿಯ ವ್ಯಾಪಾರಿಗೆ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳೋಣ. ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಏಜೆಂಟನೊಬ್ಬನು ಲಾರಿ ಗೊತ್ತುಮಾಡಿಕೊಟ್ಟನು. ಅರ್ಧ ದಾರಿಯಲ್ಲಿ ಲಾರಿಯ ಆಕ್ಸಲ್ ಮುರಿದು ಎರಡು ದಿನ ನಿಂತಿತು. ಮಾಲು ತಲುಪುವ ವೇಳೆಗೆ ಅರ್ಧದಷ್ಟು ಕ್ರೇಟುಗಳಲ್ಲಿ ಹಣ್ಣು ಮೆತ್ತಗಾಗಿತ್ತು. "ಕೆಟ್ಟ ಮಾಲಿಗೆ ಈ ಬೆಲೆ ಇಲ್ಲ" ಎಂದನು ವ್ಯಾಪಾರಿ. "ಲಾರಿ ನನ್ನದಲ್ಲ, ಮಾಲೀಕನನ್ನು ಕೇಳಿ" ಎಂದನು ಏಜೆಂಟ. "ನನಗೆ ನಿಮ್ಮ ಪರಿಚಯವೇ ಇಲ್ಲ, ನಾನು ಮಾತಾಡಿದ್ದು ಏಜೆಂಟನ ಹತ್ತಿರ" ಎಂದನು ಮಾಲೀಕ. ಬೆಳೆಗಾರರ ಕೈಯಲ್ಲಿ ಉಳಿದದ್ದು ಬಾಡಿಗೆ ಮುಂಗಡ ಕೊಟ್ಟ ಒಂದು ಚೀಟಿ ಮಾತ್ರ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಆದ ತಪ್ಪು ಆಕ್ಸಲ್ ಮುರಿದದ್ದಲ್ಲ. ಯಂತ್ರವೆಂದ ಮೇಲೆ ಕೆಡುವುದುಂಟು. ಮಾಲು ಕೆಟ್ಟರೆ ಹೊಣೆ ಯಾರದು ಎಂಬುದು ಲಾರಿ ಹೊರಡುವ ಮೊದಲು ನಿಷ್ಕರ್ಷೆಯಾಗದೆ ಇದ್ದುದೇ ನಿಜವಾದ ತಪ್ಪು. ಸಾಗಾಣಿಕೆಯನ್ನು ಹೊರಗಿನವರಿಗೆ ವಹಿಸುವ ವಿಧಗಳು ಹಲವು ಇವೆ. ಪ್ರತಿಯೊಂದರಲ್ಲಿಯೂ ಹೊಣೆಯ ಹಂಚಿಕೆ ಬೇರೆ ಬೇರೆ. ಆದುದರಿಂದ ವಿಧವನ್ನು ಆರಿಸುವುದೆಂದರೆ ಹೊಣೆಗಾರನನ್ನು ಆರಿಸುವುದೆಂದೇ ಅರ್ಥ.

ಮೊದಲು ಕೆಲಸಗಳ ಪಟ್ಟಿ

ಹೊಲದಿಂದ ಕೊಳ್ಳುವವನ ಬಾಗಿಲಿನವರೆಗೆ ನಡೆಯುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಕೊಯ್ಲು, ವಿಂಗಡಣೆ, ತಂಪು ಮಾಡುವುದು, ಕ್ರೇಟು ಅಥವಾ ಪೆಟ್ಟಿಗೆಗೆ ತುಂಬುವುದು, ಲಾರಿಗೆ ಏರಿಸುವುದು, ಸಾಗಿಸುವುದು, ಇಳಿಸುವುದು, ಅಗತ್ಯವಿದ್ದರೆ ದಾಸ್ತಾನು ಇಡುವುದು, ಖಾಲಿ ಕ್ರೇಟು ಹಿಂದಕ್ಕೆ ತರುವುದು, ಹಣ ವಸೂಲಿ ಮಾಡುವುದು – ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಪ್ರತಿಯೊಂದರ ಮುಂದೆ ಅದನ್ನು ಈಗ ಯಾರು ಮಾಡುತ್ತಿದ್ದಾರೆ, ನಷ್ಟ ಎಲ್ಲಿ ಆಗುತ್ತಿದೆ ಎಂದು ಬರೆಯತಕ್ಕದ್ದು. ಅನೇಕ ಸಂದರ್ಭಗಳಲ್ಲಿ ನಷ್ಟವು ಲಾರಿಯಲ್ಲಿ ಕಾಣಿಸಿಕೊಂಡರೂ ಹುಟ್ಟುವುದು ಹೊಲದಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಕೊಯ್ದು, ವಿಂಗಡಿಸದೆ, ಗಾಯಗೊಂಡ ಹಣ್ಣಿನೊಡನೆ ತುಂಬಿದ ಮಾಲನ್ನು ಎಷ್ಟು ದೊಡ್ಡ ಸಂಸ್ಥೆಗೆ ವಹಿಸಿದರೂ ಅದು ಕೆಡದೆ ಇರುವುದಿಲ್ಲ. ಅಂತಹ ಕೊಂಡಿಯನ್ನು ರೈತರೇ ಸರಿಪಡಿಸಬೇಕು. ಉಳಿದ ಕೊಂಡಿಗಳನ್ನು ಮಾತ್ರ ಹೊರಗೆ ವಹಿಸುವ ವಿಚಾರ ಮಾಡಬೇಕು.

ಒಂದನೆಯ ವಿಧ: ವಾಹನದ ಮಾಲೀಕ

ಊರಿನ ಅಥವಾ ಹೋಬಳಿಯ ವಾಹನ ಮಾಲೀಕನನ್ನು ನೇರವಾಗಿ ಗೊತ್ತುಮಾಡಿಕೊಳ್ಳುವುದು ಅತ್ಯಂತ ಸರಳವಾದ ವಿಧ. ಇಲ್ಲಿ ಕೊಳ್ಳುವುದು ಸಾಗಣೆ ಎಂಬ ಒಂದೇ ಸೇವೆಯನ್ನು. ತುಂಬಿಸುವುದು, ಇಳಿಸುವುದು, ಹಮಾಲಿ, ಮಾರುಕಟ್ಟೆಯ ವ್ಯವಹಾರ ಎಲ್ಲವೂ ರೈತನದೇ. ಐವತ್ತು ಅರವತ್ತು ಕಿಲೋಮೀಟರಿನ ಒಳಗಿನ ಮಾರುಕಟ್ಟೆಗೆ, ಅದೇ ದಿನ ಮಾರಾಟವಾಗುವ ಸೊಪ್ಪು, ತರಕಾರಿ, ಹೂವುಗಳಿಗೆ ಇದು ತಕ್ಕದ್ದು. ಮಾಲೀಕನ ಪರಿಚಯವಿರುತ್ತದೆ, ತೊಂದರೆಯಾದರೆ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಆದರೆ ಅವನಲ್ಲಿರುವುದು ಒಂದೋ ಎರಡೋ ವಾಹನ. ಅದು ಕೆಟ್ಟ ದಿನ ಬೇರೆ ವಾಹನ ಒದಗಿಸುವ ಶಕ್ತಿ ಅವನಿಗೆ ಇರುವುದಿಲ್ಲ. ಸುಗ್ಗಿಯಲ್ಲಿ ಹೆಚ್ಚು ಬಾಡಿಗೆ ಕೊಡುವವರ ಕಡೆಗೆ ವಾಹನ ತಿರುಗುವ ಸಂಭವವೂ ಉಂಟು.

ಎರಡನೆಯ ವಿಧ: ಟ್ರಾನ್ಸ್‌ಪೋರ್ಟ್ ಕಚೇರಿ ಮತ್ತು ಏಜೆಂಟ

ದೂರದ ಊರಿಗೆ ಲಾರಿ ಬೇಕಾದಾಗ ರೈತರು ಸಾಮಾನ್ಯವಾಗಿ ಹೋಗುವುದು ಇವರ ಬಳಿಗೆ. ಇವರಲ್ಲಿ ಎರಡು ಬಗೆ. ಸ್ವಂತ ಲಾರಿಗಳನ್ನಿಟ್ಟುಕೊಂಡು, ತಮ್ಮ ಹೆಸರಿನಲ್ಲಿಯೇ ರಸೀದಿ ಕೊಟ್ಟು ಮಾಲು ಸಾಗಿಸುವ ಕಚೇರಿಗಳು ಒಂದು ಬಗೆ. ಬೇರೆಯವರ ಲಾರಿಯನ್ನು ಹೊಂದಿಸಿಕೊಟ್ಟು ದಲ್ಲಾಳಿ ಪಡೆಯುವವರು ಇನ್ನೊಂದು ಬಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಎಷ್ಟೇ ಲಾರಿಗಳು ಬೇಕಾದರೂ ಒದಗಿಸಬಲ್ಲರು ಎಂಬುದು ಇವರ ದೊಡ್ಡ ಗುಣ. ರಸೀದಿ ಯಾರ ಹೆಸರಿನಲ್ಲಿ ಎಂಬುದನ್ನು ಕೇಳಿದಾಗ ಮಾತ್ರ ಇವರ ನಡುವಿನ ವ್ಯತ್ಯಾಸ ಹೊರಬೀಳುತ್ತದೆ. ಹಿಂದಿನ ಉದಾಹರಣೆಯ ಬೆಳೆಗಾರರು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಮೂರನೆಯ ವಿಧ: ಉಗ್ರಾಣ ಮತ್ತು ಶೀತಲ ಗೃಹ

ಬೆಲೆ ಕುಸಿದಾಗ ಕಾಯಲು ಅನುಕೂಲವಾಗುವ ಬೆಳೆಗಳಿಗೆ ಸಾಗಣೆಗಿಂತ ದಾಸ್ತಾನಿನ ಸೇವೆಯೇ ಮುಖ್ಯ. ಬ್ಯಾಡಗಿಯ ಸುತ್ತ ಒಣಮೆಣಸಿನಕಾಯಿಯನ್ನು ಶೀತಲ ಗೃಹಗಳಲ್ಲಿ ಇಡುವ ವಾಡಿಕೆ ಬೆಳೆದಿರುವುದು ಇದೇ ಕಾರಣದಿಂದ. ತಂಪಿನಲ್ಲಿಟ್ಟ ಕಾಯಿಯ ಬಣ್ಣ ಬೇಗ ಕಂದುವುದಿಲ್ಲ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಗೂ ಇಂತಹ ದಾಸ್ತಾನು ಬೇಕು. ಧಾನ್ಯ ಮತ್ತು ಬೇಳೆಕಾಳುಗಳಿಗೆ ರಾಜ್ಯ ಉಗ್ರಾಣ ನಿಗಮದ ಮತ್ತು ಕೇಂದ್ರೀಯ ಉಗ್ರಾಣ ನಿಗಮದ ಗೋದಾಮುಗಳಿವೆ.

ಇಲ್ಲಿ ನೋಡಬೇಕಾದದ್ದು ಬಾಡಿಗೆಯ ಜೊತೆಗೆ ರಸೀದಿಯ ಯೋಗ್ಯತೆಯನ್ನು. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆಯ ಪ್ರಕಾರ ನೋಂದಣಿಯಾದ ಉಗ್ರಾಣಗಳು ವರ್ಗಾಯಿಸಬಹುದಾದ ರಸೀದಿಯನ್ನು ಕೊಡುತ್ತವೆ. ಈಗ ಅದನ್ನು ವಿದ್ಯುನ್ಮಾನ ರೂಪದಲ್ಲಿ ಕೊಡಲಾಗುತ್ತಿದೆ. ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು. ಕೈಯಲ್ಲಿ ಕಾಸಿಲ್ಲದೆ ಸುಗ್ಗಿಯ ಬೆಲೆಗೇ ಮಾರಬೇಕಾದ ಪ್ರಸಂಗ ಇದರಿಂದ ಎಷ್ಟೋ ಮಟ್ಟಿಗೆ ತಪ್ಪುತ್ತದೆ. ನೋಂದಣಿಯಿಲ್ಲದ ಗೋದಾಮಿನ ಚೀಟಿಗೆ ಈ ಬೆಲೆ ಇಲ್ಲ.

ನಾಲ್ಕನೆಯ ವಿಧ: ಪೂರ್ಣ ಸೇವೆಯ ಸಂಸ್ಥೆ

ಹೊಲದಿಂದ ಎತ್ತಿಕೊಂಡು, ವಿಂಗಡಿಸಿ, ತಂಪು ಮಾಡಿ, ಶೀತಲ ವಾಹನದಲ್ಲಿ ಸಾಗಿಸಿ, ಕೊಳ್ಳುವವನ ಗೋದಾಮಿಗೆ ಮುಟ್ಟಿಸುವವರೆಗಿನ ಕೆಲಸವನ್ನು ಒಂದೇ ಸಂಸ್ಥೆ ವಹಿಸಿಕೊಳ್ಳುವುದುಂಟು. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್ ಎನ್ನುತ್ತಾರೆ. ಹೊಣೆ ಒಂದೇ ಕಡೆ ಇರುವುದು ಇದರ ಲಾಭ. ಬೆಲೆ ಹೆಚ್ಚು ಮತ್ತು ವರ್ಷವಿಡೀ ಅಥವಾ ಋತುವಿಡೀ ನಿಗದಿತ ಪ್ರಮಾಣದ ಮಾಲು ಬೇಕು ಎಂಬುದು ಇದರ ತೊಡಕು. ದಾಳಿಂಬೆ, ದ್ರಾಕ್ಷಿ, ಮಾವಿನಂತಹ ಬೆಲೆಬಾಳುವ ಹಣ್ಣನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ಸಂಘಗಳಿಗೆ ಇದು ಒಪ್ಪುತ್ತದೆ. ವಾರಕ್ಕೊಮ್ಮೆ ಹತ್ತು ಕ್ವಿಂಟಾಲ್ ಕಳುಹಿಸುವ ಬೆಳೆಗಾರನಿಗೆ ಇದರ ಖರ್ಚು ಎಟಕುವುದಿಲ್ಲ.

ಶೀತಲ ವಾಹನದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆ ವಾಹನವು ತಂಪಾದ ಮಾಲನ್ನು ತಂಪಾಗಿ ಇಡಲು ರಚಿತವಾದದ್ದು. ಬಿಸಿ ಮಾಲನ್ನು ತಂಪು ಮಾಡುವ ಶಕ್ತಿ ಅದಕ್ಕೆ ಸಾಲದು. ಆದಕಾರಣ ತುಂಬುವ ಮೊದಲೇ ಹೊಲದ ಬಿಸಿಯನ್ನು ತೆಗೆಯುವ ವ್ಯವಸ್ಥೆ ಆ ಸಂಸ್ಥೆಯಲ್ಲಿ ಇದೆಯೇ ಎಂದು ನೋಡಬೇಕು. ಜೊತೆಗೆ ಎಲ್ಲ ಬೆಳೆಗೂ ಒಂದೇ ಶಾಖ ಸಲ್ಲದು. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಸಮೀಪದ ಶಾಖ ಹಿತ. ಮಾವು, ಬಾಳೆ ಮತ್ತು ಬಣ್ಣ ತಿರುಗುವ ಹಂತದ ಟೊಮ್ಯಾಟೊಗೆ ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಚಳಿಯಿಂದಲೇ ಹಣ್ಣು ಹಾಳಾಗುತ್ತದೆ. ಮಾಗುತ್ತಿರುವ ಹಣ್ಣಿನಿಂದ ಎಥಿಲೀನ್ ಅನಿಲ ಹೊರಡುವುದರಿಂದ ಅದರೊಡನೆ ಸೊಪ್ಪು, ಸೌತೆಯಂತಹ ತರಕಾರಿ ತುಂಬಿದರೆ ಅವು ಬೇಗ ಹಳದಿಯಾಗುತ್ತವೆ. ಇಷ್ಟನ್ನು ವಿವರಿಸಲಾರದ ಸಂಸ್ಥೆಗೆ ಬಿಳಿಯ ಬಣ್ಣದ ದೊಡ್ಡ ವಾಹನವಿದ್ದ ಮಾತ್ರಕ್ಕೆ ಮಾರುಹೋಗಬಾರದು.

ಐದನೆಯ ವಿಧ: ಎಲ್ಲರನ್ನೂ ನಡೆಸುವ ಮೇಲ್ವಿಚಾರಕ

ಸ್ವಂತ ಲಾರಿಯಾಗಲಿ ಗೋದಾಮಾಗಲಿ ಇಲ್ಲದೆ, ಲಾರಿಯವರು, ಗೋದಾಮಿನವರು, ಪ್ಯಾಕಿಂಗಿನವರು ಎಲ್ಲರನ್ನೂ ಗೊತ್ತುಮಾಡಿ, ಲೆಕ್ಕ ಇಟ್ಟು, ಕೆಲಸ ನಡೆಸುವವರು ಈ ವಿಧಕ್ಕೆ ಸೇರಿದವರು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ರೋಸ್ ಈರುಳ್ಳಿಯಂತೆ ಹಡಗಿನಲ್ಲಿ ಪರದೇಶಕ್ಕೆ ಹೋಗುವ ಮಾಲಿಗೆ ಬಂದರಿನ ಕಾಗದಪತ್ರ, ಸುಂಕದ ಕಚೇರಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಮುಂತಾದವುಗಳನ್ನು ಬಲ್ಲ ಇಂತಹವರಿಲ್ಲದೆ ನಡೆಯುವುದಿಲ್ಲ. ಒಳನಾಡಿನ ವ್ಯಾಪಾರದಲ್ಲಾದರೋ ರೈತ ಉತ್ಪಾದಕರ ಕಂಪನಿಯೇ ಈ ಪಾತ್ರ ವಹಿಸಬಹುದು. ಹಾಲು ಒಕ್ಕೂಟಗಳ ಪದ್ಧತಿ ಇದಕ್ಕೆ ಕಣ್ಣೆದುರಿನ ಮಾದರಿ. ಹಾಲಿನ ವಾಹನ ಬಹುಮಟ್ಟಿಗೆ ಗುತ್ತಿಗೆಯದು. ಆದರೆ ಯಾವ ಮಾರ್ಗ, ಯಾವ ಹಳ್ಳಿಗೆ ಎಷ್ಟು ಗಂಟೆಗೆ ಎಂಬುದನ್ನು ಗೊತ್ತುಮಾಡುವುದು ಒಕ್ಕೂಟ. ವಾಹನ ಪರರದಾದರೂ ಹಿಡಿತ ತಮ್ಮದಾಗಿರಬೇಕು ಎಂಬ ತತ್ವ ಇಲ್ಲಿ ಅಡಗಿದೆ.

ರೈಲಿನ ವಿಷಯ

2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಾಗ ಹಣ್ಣು ತರಕಾರಿ ಬೆಳೆಗಾರರ ಗಮನ ರೈಲಿನ ಕಡೆಗೆ ಹರಿಯಿತು. ಪ್ರಯಾಣಿಕರ ಗಾಡಿಯ ಪಾರ್ಸೆಲ್ ಬೋಗಿಗಳಲ್ಲಿ ಹಿಂದಿನಿಂದಲೂ ಮಾಲು ಹೋಗುತ್ತದೆ. ರೈಲು ದೂರದ ಪ್ರಯಾಣಕ್ಕೆ ಒಳ್ಳೆಯದು. ಆದರೆ ಅದು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ. ಎರಡೂ ತುದಿಯಲ್ಲಿ ವಾಹನ, ಹಮಾಲಿ, ಕಾಯುವ ಜಾಗ ಬೇಕಾಗುತ್ತವೆ. ಏರಿಸಿ ಇಳಿಸುವ ಸರದಿ ಹೆಚ್ಚಿದಷ್ಟೂ ಹಣ್ಣಿಗೆ ಪೆಟ್ಟು ಹೆಚ್ಚು. ಈ ಎಲ್ಲ ಖರ್ಚನ್ನೂ ಕೂಡಿಸಿದ ಮೇಲೆಯೇ ಲಾರಿಯ ಬಾಡಿಗೆಯೊಡನೆ ಹೋಲಿಸತಕ್ಕದ್ದು.

ಬಾಡಿಗೆಯ ಲೆಕ್ಕವೂ ನಷ್ಟದ ಲೆಕ್ಕವೂ

ಹಿಂದಿನ 600 ಕ್ರೇಟಿನ ಉದಾಹರಣೆಯನ್ನೇ ಮುಂದುವರಿಸಿದರೆ, ಒಬ್ಬನು 81,000 ರೂಪಾಯಿ, ಮತ್ತೊಬ್ಬನು 90,000 ರೂಪಾಯಿ ಬಾಡಿಗೆ ಹೇಳಿದನೆಂದು ಭಾವಿಸಬಹುದು. ವ್ಯತ್ಯಾಸ 9,000 ರೂಪಾಯಿ. ಅಂದರೆ ಕ್ರೇಟಿಗೆ 15 ರೂಪಾಯಿ. ತಲುಪಿದ ಕಡೆ ಕ್ರೇಟಿಗೆ 300 ರೂಪಾಯಿ ಬೆಲೆ ಇದ್ದರೆ, ಈ 15 ರೂಪಾಯಿ ಬೆಲೆಯ ಶೇಕಡಾ 5ಕ್ಕೆ ಸಮ. ಕಡಿಮೆ ಬಾಡಿಗೆಯವನ ಲಾರಿಯಲ್ಲಿ ನೂರಕ್ಕೆ ಐದು ಕ್ರೇಟು ಹೆಚ್ಚಾಗಿ ಕೆಟ್ಟರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು. ಆರನೆಯ ಕ್ರೇಟಿನಿಂದ ಆಚೆಗೆ ನಷ್ಟವೇ. ಈ ಅಂಕಿಗಳು ಲೆಕ್ಕದ ರೀತಿ ತಿಳಿಸಲು ಮಾತ್ರ. ಬೆಳೆಗಾರರು ತಮ್ಮ ತಮ್ಮ ಊರಿನ ಬಾಡಿಗೆ, ಬೆಲೆ ಮತ್ತು ಕೆಟ್ಟ ಮಾಲಿನ ಲೆಕ್ಕವಿಟ್ಟು ನೋಡಬೇಕು. ಕೆಟ್ಟ ಮಾಲಿನ ಲೆಕ್ಕ ಇಡದವರಿಗೆ ಯಾವ ಬಾಡಿಗೆ ಅಗ್ಗ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಕಾಯಿದೆ ಏನು ಹೇಳುತ್ತದೆ?

ರಸ್ತೆಯ ಮೂಲಕ ಮಾಲು ಸಾಗಿಸುವವರ ಹೊಣೆಯನ್ನು 2007ರ ರಸ್ತೆ ಸಾಗಣೆ ಕಾಯಿದೆ ಮತ್ತು ಅದರ 2011ರ ನಿಯಮಗಳು ನಿರ್ಧರಿಸುತ್ತವೆ. ಇದಕ್ಕೆ ಮೊದಲು 1865ರ ಕಾಯಿದೆ ಜಾರಿಯಲ್ಲಿತ್ತು. ಹೊಸ ಕಾಯಿದೆಯ ವ್ಯಾಖ್ಯೆಯಲ್ಲಿ ಲಾರಿ ಓಡಿಸುವವರಷ್ಟೇ ಅಲ್ಲದೆ, ರಸೀದಿ ಕೊಟ್ಟು ಮಾಲು ಸಾಗಿಸುವ ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ, ದಲ್ಲಾಳಿಗಳೂ ಸೇರಿದ್ದಾರೆ. ಅವರು ನೋಂದಣಿ ಮಾಡಿಸಿಕೊಂಡಿರಬೇಕು. ಈ ಸಂದರ್ಭದಲ್ಲಿ ರೈತರು ಮರೆಯಬಾರದ ಅಂಶಗಳು ಮೂರು.

ಮೊದಲನೆಯದು, ಎರಡು ಕಾಗದಗಳು. ಕಳುಹಿಸುವವನು ಮಾಲಿನ ವಿವರ ಮತ್ತು ಬೆಲೆಯನ್ನು ಬರೆದು ಕೊಡುವ ರವಾನೆ ಪತ್ರ ಒಂದು. ಸಾಗಿಸುವವನು ಅದನ್ನು ಪಡೆದು ಕೊಡುವ ಮಾಲಿನ ರಸೀದಿ ಇನ್ನೊಂದು. ಇವಿಲ್ಲದಿದ್ದರೆ ಮುಂದೆ ಯಾವ ವಾದವೂ ನಿಲ್ಲುವುದು ಕಷ್ಟ.

ಎರಡನೆಯದು, ಹೊಣೆಯ ಮಿತಿ. ಹೆಚ್ಚಿನ ಹೊಣೆಯ ದರವನ್ನು ಒಪ್ಪಿ ಕೊಡದೆ ಇದ್ದಲ್ಲಿ, ಸಾಗಿಸುವವನ ಹೊಣೆ ಬಾಡಿಗೆಯ ಹತ್ತರಷ್ಟಕ್ಕೆ ಸೀಮಿತ. ಬರೆಸಿದ ಬೆಲೆಯನ್ನೂ ಅದು ಮೀರುವಂತಿಲ್ಲ. ದೂರದ ಪ್ರಯಾಣದ ಟೊಮ್ಯಾಟೊಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಬಾಡಿಗೆಯೇ ಹೆಚ್ಚು. ಆದರೆ 12 ಲಕ್ಷ ರೂಪಾಯಿ ಬೆಲೆಯ ಒಣಮೆಣಸಿನಕಾಯಿಯನ್ನು 8,000 ರೂಪಾಯಿ ಬಾಡಿಗೆಗೆ ಹತ್ತಿರದ ಊರಿಗೆ ಕಳುಹಿಸಿದರೆ ಹೊಣೆ 80,000 ರೂಪಾಯಿಗೆ ನಿಲ್ಲುತ್ತದೆ. ಬೆಲೆಬಾಳುವ ಮಾಲು, ಹತ್ತಿರದ ದಾರಿ – ಇವೆರಡೂ ಕೂಡಿದಾಗಲೇ ರೈತನು ಹೆಚ್ಚು ಎಚ್ಚರ ವಹಿಸಬೇಕು. ಅಂತಹ ಕಡೆ ಹೆಚ್ಚಿನ ಹೊಣೆಯ ದರ ಕೊಡುವುದು ಅಥವಾ ಸಾಗಣೆ ವಿಮೆ ಮಾಡಿಸುವುದು ಲೇಸು. ವಿಮೆಯಾದರೂ ತಡವಾಗಿ ತಲುಪಿ ಕೊಳೆತ ನಷ್ಟಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದುದರಿಂದ ಅದರ ಷರತ್ತುಗಳನ್ನು ಓದಿಸಿ ಕೇಳಿಯೇ ಹಣ ಕಟ್ಟಬೇಕು.

ಮೂರನೆಯದು, ಕಾಲಮಿತಿ. ಮಾಲು ಕಳೆದುಹೋದರೆ ಅಥವಾ ಕೆಟ್ಟರೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡದೆ ದಾವೆ ಹೂಡಲು ಬರುವುದಿಲ್ಲ. "ಮುಂದಿನ ಲೋಡಿನಲ್ಲಿ ಸರಿಮಾಡೋಣ" ಎಂಬ ಬಾಯಿಮಾತನ್ನು ನಂಬಿ ಈ ಅವಧಿಯನ್ನು ಕಳೆದುಕೊಳ್ಳಬಾರದು.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

ಯಾವ ವಿಧವನ್ನೇ ಆರಿಸಲಿ, ಈ ಕೆಳಗಿನ ಅಂಶಗಳನ್ನು ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು:

1. ವಾಹನ ಹೊಲಕ್ಕೆ ಬರುವ ಮತ್ತು ಮಾಲು ತಲುಪುವ ಗಡುವು. ತಡವಾದರೆ ಬಾಡಿಗೆಯಲ್ಲಿ ಎಷ್ಟು ಕಡಿತ.
2. ವಾಹನ ಕೆಟ್ಟರೆ ಎಷ್ಟು ಗಂಟೆಯೊಳಗೆ ಬೇರೆ ವಾಹನ, ಮತ್ತು ಮಾಲನ್ನು ಬದಲಾಯಿಸುವ ಹಮಾಲಿ ಯಾರದು.
3. ಎರಡೂ ಕಡೆಯ ತೂಕದ ಚೀಟಿ ಮತ್ತು ಕ್ರೇಟಿನ ಎಣಿಕೆ. ಖಾಲಿ ಕ್ರೇಟು ಹಿಂದಿರುಗಿಸುವ ಹೊಣೆ.
4. ಶೀತಲ ವಾಹನವಾದರೆ ಇರಬೇಕಾದ ಶಾಖ ಎಷ್ಟು, ಅದನ್ನು ದಾಖಲಿಸುವ ಉಪಕರಣದ ಪ್ರತಿ ರೈತರಿಗೆ ದೊರೆಯುವುದೇ.
5. ಒಪ್ಪಿಕೊಂಡ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೂ ಹೊಣೆ ಒಪ್ಪಿಕೊಂಡವನದೇ ಎಂಬ ಮಾತು.
6. ಬಾಡಿಗೆಯ ಎಷ್ಟು ಭಾಗ ಮುಂಗಡ, ಎಷ್ಟು ಭಾಗ ಮಾಲು ಸುಸ್ಥಿತಿಯಲ್ಲಿ ತಲುಪಿದ ಮೇಲೆ.

ಹೊಸಬರಿಗೆ ಮೊದಲ ವರ್ಷವೇ ಇಡೀ ಬೆಳೆಯನ್ನು ಒಪ್ಪಿಸಬಾರದು. ಎರಡು ಮೂರು ಲೋಡು ಕಳುಹಿಸಿ, ತಲುಪಿದ ಸಮಯ ಮತ್ತು ಕೆಟ್ಟ ಮಾಲಿನ ಪ್ರಮಾಣವನ್ನು ಬರೆದಿಟ್ಟು ನೋಡಿದ ಮೇಲೆ ಮುಂದುವರಿಯುವುದು ಕ್ಷೇಮ. ಎರಡನೆಯವನೊಬ್ಬನನ್ನು ಸಣ್ಣ ಪ್ರಮಾಣದಲ್ಲಾದರೂ ಇಟ್ಟುಕೊಂಡಿರಬೇಕು.

ಒಂದೇ ಕೈಗೆ ಎಲ್ಲವೂ ಬೇಡ

ಕೊನೆಯದಾಗಿ ಒಂದು ಎಚ್ಚರಿಕೆ. ಬೆಳೆಗೆ ಮುಂಗಡ ಸಾಲ ಕೊಡುವವನು, ಮಾಲು ಸಾಗಿಸುವವನು, ಮಾರುವವನು, ಹಣ ವಸೂಲಿ ಮಾಡುವವನು ಒಬ್ಬನೇ ಆದರೆ ಅನುಕೂಲವೆಂದು ತೋರುತ್ತದೆ. ಆದರೆ ಎಷ್ಟು ಕ್ರೇಟು ಕೆಟ್ಟಿತು, ಯಾವ ಬೆಲೆಗೆ ಹೋಯಿತು ಎಂಬುದಕ್ಕೆ ಆಗ ಅವನ ಮಾತೊಂದೇ ಆಧಾರವಾಗುತ್ತದೆ. ಸಾಗಣೆ ಮತ್ತು ದಾಸ್ತಾನನ್ನು ಪರರಿಗೆ ಕೊಡಬಹುದು. ಕೊಳ್ಳುವವನ ಪರಿಚಯ, ತೂಕದ ಲೆಕ್ಕ, ಹಣದ ವ್ಯವಹಾರ ಈ ಮೂರನ್ನು ಮಾತ್ರ ರೈತರು ಅಥವಾ ರೈತರ ಸಂಘ ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕು.

ಆರಂಭದಲ್ಲಿ ಹೇಳಿದ ಹನ್ನೆರಡು ಮಂದಿ ಬೆಳೆಗಾರರು ಮುಂದಿನ ಸುಗ್ಗಿಯಲ್ಲಿ ಏನು ಮಾಡಬೇಕೆಂಬುದು ಈಗ ಸ್ಪಷ್ಟವಾಗಿದೆ. ಟೊಮ್ಯಾಟೊವನ್ನು ಬಣ್ಣ ತಿರುಗುವ ಹಂತದಲ್ಲಿ, ಬೆಳಗಿನ ತಂಪಿನಲ್ಲಿ ಕೊಯ್ದು, ನೆರಳಿನಲ್ಲಿ ವಿಂಗಡಿಸಬೇಕು. ಹತ್ತಿರದ ಮಾರುಕಟ್ಟೆಯ ಮಾಲಿಗೆ ಊರಿನ ವಾಹನವೇ ಸಾಕು. ದೆಹಲಿಯ ಮಾಲನ್ನು ತನ್ನ ಹೆಸರಿನಲ್ಲಿಯೇ ರಸೀದಿ ಕೊಡುವ, ಬದಲಿ ಲಾರಿ ಒದಗಿಸಬಲ್ಲ ಕಚೇರಿಗೆ ಕೊಡಬೇಕು; ಕ್ರೇಟಿಗೆ ಕೆಲವು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಬಾಡಿಗೆಯ ಒಂದು ಭಾಗವನ್ನು ಮಾಲು ತಲುಪುವವರೆಗೆ ತಡೆದಿಡಬೇಕು. ಹನ್ನೆರಡು ಮಂದಿಯಲ್ಲಿ ಓದುಬರಹ ಬಲ್ಲ ಒಬ್ಬ ಯುವಕನಿಗೆ ರಸೀದಿ ಮತ್ತು ಲೆಕ್ಕದ ಪುಸ್ತಕವನ್ನು ವಹಿಸಬೇಕು. ವಿಸ್ತರಣಾ ಕಾರ್ಯಕರ್ತರು ಇಂತಹ ಪುಸ್ತಕವನ್ನು ಒಂದೊಂದು ಹಳ್ಳಿಯಲ್ಲಿ ಆರಂಭ ಮಾಡಿಸಿದರೂ ದೊಡ್ಡ ಉಪಕಾರವಾದೀತು.

ಆಗಲೂ ಲಾರಿಯ ಆಕ್ಸಲ್ ಮುರಿಯಬಹುದು. ಆದರೆ ಯಾರನ್ನು ಕೇಳಬೇಕು ಎಂಬುದು ಆ ದಿನ ಹನ್ನೆರಡು ಮಂದಿಗೂ ಗೊತ್ತಿರುತ್ತದೆ. ಬಾಡಿಗೆ ಕೇಳುವ ಮೊದಲು ಹೊಣೆಯನ್ನು ಕೇಳಬೇಕು ಎಂಬುದೇ ಈ ಮಾತುಗಳ ಸಾರ.